ಹಳೆಯ ಲಿವರ್ ರೈಫಲ್‌ಗೆ ಕೈಯಾರೆ ತೋಟೆ ತುಂಬುವುದು ಹೇಗೆ?

ನನ್ನ ಮೇಜಿಗೆ ಬಂದಿದ್ದ ಹಳೆಯ ವಿಂಚೆಸ್ಟರ್ 94ರ ಮೇಲೆ ದೂರು ಒಂದೇ ಆಗಿತ್ತು. ಕೆಲವು ತೋಟೆಗಳು ಬೆಣ್ಣೆಯಂತೆ ಜಾರಿ ಒಳಹೋಗುತ್ತವೆ, ಕೆಲವಕ್ಕೆ ಲಿವರ್ (ಟ್ರಿಗರ್ ಕೆಳಗಿರುವ, ತೋಟೆ ಏರಿಸಲು ಆಡಿಸುವ ಸನ್ನೆ) ಅರ್ಧದಲ್ಲೇ ಗಕ್ಕನೆ ನಿಲ್ಲುತ್ತದೆ. ಒಳಗಿನ ಭಾಗಗಳು ಸವೆದಿವೆ ಎಂದು ಒಡೆಯರು ಆಗಲೇ ತೀರ್ಮಾನಿಸಿ ಬಿಡಿಭಾಗ ಹುಡುಕುತ್ತಿದ್ದರು. ನಾನು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಅವರು ತಾವೇ ತುಂಬಿದ್ದ ಹತ್ತು ತೋಟೆಗಳನ್ನು ಕ್ಯಾಲಿಪರ್‌ಗೆ ಹಿಡಿದೆ. ನಾಲ್ಕು ತೋಟೆಗಳು 65.5 ಮಿ.ಮೀ. ದಾಟಿದ್ದವು. ಆ ರೈಫಲ್ ಹಾರಿಸುವ .30-30 ಗಾತ್ರದ ತೋಟೆಯ ಒಟ್ಟು ಉದ್ದ 64.8 ಮಿ.ಮೀ. ಮೀರುವಂತಿಲ್ಲ. ರೈಫಲ್‌ನದು ತಪ್ಪೇ ಇರಲಿಲ್ಲ.

ಹಳೆಯ ಲಿವರ್ ರೈಫಲ್‌ಗಳ ಕಾಯಿಲೆಯನ್ನು ಮೊದಲು ತೋಟೆಯಲ್ಲಿ, ಅದಕ್ಕಿಂತ ಮುಖ್ಯವಾಗಿ ಹಾರಿಸಿದ ಖಾಲಿ ಕೇಸ್‌ನಲ್ಲಿ (ಮದ್ದು, ಗುಂಡನ್ನು ಹಿಡಿದಿಡುವ ಹಿತ್ತಾಳೆಯ ಕವಚ) ಹುಡುಕಬೇಕು. ಖಾಲಿ ಕೇಸ್‌ಗೆ ಮತ್ತೆ ಮದ್ದು, ಗುಂಡು ತುಂಬುವ ಕೆಲಸವನ್ನೂ ದುರಸ್ತಿಯನ್ನೂ ನಾನು ಬೇರೆ ಬೇರೆಯಾಗಿ ನೋಡುವುದಿಲ್ಲ. ಇಲ್ಲಿ .30-30 ಗಾತ್ರವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. 1895ರಲ್ಲಿ ಬಂದ ಈ ತೋಟೆಯನ್ನು ಹಾರಿಸುವ ವಿಂಚೆಸ್ಟರ್ 94 ಮತ್ತು ಮಾರ್ಲಿನ್ 336 ರೈಫಲ್‌ಗಳು ಇಂದಿಗೂ ಬೇಟೆಗಾರರ ಕೈಯಲ್ಲಿ ಲೆಕ್ಕವಿಲ್ಲದಷ್ಟಿವೆ. ತೋಟೆ ತುಂಬುವುದಕ್ಕೆ ಕೆಲವು ದೇಶಗಳಲ್ಲಿ ಪ್ರತ್ಯೇಕ ಪರವಾನಗಿ ಬೇಕು. ಅದನ್ನು ಮೊದಲು ವಿಚಾರಿಸಿಕೊಳ್ಳಿ.

ಮೊದಲು ರೈಫಲ್ ಯಾವುದೆಂದು ತಿಳಿಯಿರಿ

ಲಿವರ್ ಇದ್ದ ಮಾತ್ರಕ್ಕೆ ಎಲ್ಲ ರೈಫಲ್‌ಗಳ ಬಲ ಒಂದೇ ಅಲ್ಲ. ವಿಂಚೆಸ್ಟರ್ 1873 ಕರಿಮದ್ದಿನ ಕಾಲದ್ದು. ಅದರ ಬೋಲ್ಟನ್ನು (ತೋಟೆಯನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು) ಹಿಡಿದಿಡುವುದು ಮೊಣಕಾಲಿನಂತೆ ಮಡಚುವ ಎರಡು ಕೊಂಡಿಗಳು ಮಾತ್ರ. 94ರಲ್ಲಿ ಬೋಲ್ಟ್‌ನ ಹಿಂದೆ ಗಟ್ಟಿಯಾದ ಉಕ್ಕಿನ ಅಡ್ಡಗಟ್ಟೆ ಏಳುತ್ತದೆ. ಆದರೆ 94ರಲ್ಲೂ ಮೊದಲ ವರ್ಷದವು ಕರಿಮದ್ದಿನ .32-40 ಮತ್ತು .38-55 ತೋಟೆಗಳಿಗಾಗಿ ಬಂದವು. ಹೊಗೆರಹಿತ ಮದ್ದನ್ನು ತಾಳುವ ನಿಕಲ್ ಉಕ್ಕಿನ ನಳಿಗೆ ಬಂದದ್ದು ಮರುವರ್ಷ. ನಳಿಗೆಯ ಮೇಲೆ ಕೆತ್ತಿದ ಗಾತ್ರವನ್ನು ಓದಿ. ತಯಾರಿಕೆಯ ವರ್ಷ ಗೊತ್ತಿಲ್ಲದಿದ್ದರೆ ಬಲ್ಲವರಿಗೆ ತೋರಿಸಿ.

ಆಮೇಲೆ ರೈಫಲ್ ಖಾಲಿ ಮಾಡಿ. ನಳಿಗೆಯ ಕೆಳಗೆ ತೋಟೆಗಳನ್ನು ಸಾಲಾಗಿ ಹಿಡಿದಿಡುವ ಕೊಳವೆ ಮ್ಯಾಗಜೀನ್ ಕಣ್ಣಿಗೆ ಮೋಸ ಮಾಡುತ್ತದೆ. ಲಿವರ್ ಆಡಿಸಿ ಎಲ್ಲ ತೋಟೆ ಹೊರಬಂತು ಎಂದುಕೊಂಡಾಗ ಒಂದು ಒಳಗೇ ಅಂಟಿಕೊಂಡಿರಬಹುದು. ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಚೇಂಬರ್‌ಗೆ ಕಿರುಬೆರಳು ಹಾಕಿ ಮುಟ್ಟಿ ನೋಡಿ, ಕೊಳವೆಯ ಬಾಯಲ್ಲಿ ತೋಟೆ ತಳ್ಳುವ ಬಿಲ್ಲೆ ಕಾಣುತ್ತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಹ್ಯಾಮರ್‌ನ ಅರ್ಧ ಎಳೆತದ ಕಚ್ಚನ್ನೂ ಆಗಲೇ ಪರೀಕ್ಷಿಸಿ. ಖಾಲಿ ರೈಫಲ್‌ನಲ್ಲಿ ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಒತ್ತಿ. ಹ್ಯಾಮರ್ ಬೀಳಬಾರದು. ಬಿದ್ದರೆ ಆ ರೈಫಲ್ ಬೇಟೆಗಲ್ಲ, ಬಂದೂಕು ರಿಪೇರಿಯವರ ಬಳಿಗೆ ಹೋಗಬೇಕು. ಹಳೆಯ ಮಾದರಿಗಳಲ್ಲಿ ಸುರಕ್ಷತೆಗೆ ಮುಖ್ಯ ಆಸರೆ ಈ ಕಚ್ಚೇ.

ಖಾಲಿ ಕೇಸನ್ನು ಓದುವುದು

ಈ ರೈಫಲ್‌ನಲ್ಲೇ ಹಾರಿಸಿದ ನಾಲ್ಕೈದು ಕೇಸ್‌ಗಳನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಹಿತ್ತಾಳೆಯ ಸುತ್ತ ಹೊಳೆಯುವ ತೆಳು ಉಂಗುರ ಕಂಡರೆ ಎಚ್ಚರ. ತೆಳು ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕೇಸ್‌ನ ಒಳಗೆ ಬಿಟ್ಟು, ಬುಡದಿಂದ ಮೇಲಕ್ಕೆ ಗೋಡೆಗೆ ಉಜ್ಜುತ್ತಾ ಎಳೆಯಿರಿ. ಅದೇ ಜಾಗದಲ್ಲಿ ತಂತಿ ಸಣ್ಣ ಹಳ್ಳಕ್ಕೆ ಬಿದ್ದಂತೆ ತಡೆದರೆ ಒಳಗಿನ ಗೋಡೆ ಹಿಗ್ಗಿ ತೆಳುವಾಗಿದೆ ಎಂದರ್ಥ. ಇನ್ನೊಂದೆರಡು ಸಲ ಹಾರಿಸಿದರೆ ಅಲ್ಲೇ ಎರಡಾಗಿ ತುಂಡಾಗುತ್ತದೆ. ಬುಡ ಹೊರಬರುತ್ತದೆ, ಮೇಲ್ಭಾಗ ಚೇಂಬರ್‌ನಲ್ಲಿ ಉಳಿಯುತ್ತದೆ. ಅಂಥ ಕೇಸನ್ನು ಇಕ್ಕಳದಿಂದ ಹಿಸುಕಿ ಎಸೆಯಿರಿ, ಮತ್ತೆ ಬುಟ್ಟಿಗೆ ಬೀಳದಿರಲಿ.

ಇದು ಯಾಕಾಗುತ್ತದೆ? .30-30 ಕೇಸ್ ಚೇಂಬರ್‌ನಲ್ಲಿ ನಿಲ್ಲುವುದು ಬುಡದ ಅಂಚಿನ ಆಧಾರದಿಂದ, ಕುತ್ತಿಗೆಯ ಕೆಳಗೆ ಕೇಸ್ ಅಗಲವಾಗುವ ಭುಜದ ಆಧಾರದಿಂದಲ್ಲ. ಹೀಗಾಗಿ ಚೇಂಬರ್‌ನ ಭುಜವನ್ನು ತಯಾರಕರು ಧಾರಾಳವಾಗಿ ಮುಂದಕ್ಕೆ ಕೊರೆದಿರುತ್ತಾರೆ. ಹಾರಿದಾಗ ಕೇಸ್ ಆ ಜಾಗ ತುಂಬಲು ಮುಂದಕ್ಕೆ ಹಿಗ್ಗುತ್ತದೆ. ನಾವು ಡೈಯನ್ನು (ಪ್ರೆಸ್ ಎಂಬ ಒತ್ತುಯಂತ್ರದಲ್ಲಿ ಕೇಸನ್ನು ಹಳೆಯ ಗಾತ್ರಕ್ಕೆ ತರುವ ಅಚ್ಚು) ಪೂರ್ತಿ ಕೆಳಗಿಳಿಸಿ ಮರುಗಾತ್ರಕ್ಕೆ ತಂದಾಗ ಭುಜ ಮತ್ತೆ ಹಿಂದಕ್ಕೆ ಹೋಗುತ್ತದೆ. ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ: ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿದಂತೆ. 94ರಲ್ಲೂ 336ರಲ್ಲೂ ಬೋಲ್ಟ್ ಬಿಗಿಯುವುದು ಹಿಂಭಾಗದಲ್ಲಿ. ಆದ್ದರಿಂದ ಉಕ್ಕೇ ಕೂದಲೆಳೆಯಷ್ಟು ಸ್ಪ್ರಿಂಗ್‌ನಂತೆ ಬಾಗಿ ಹಿಗ್ಗುವಿಕೆಗೆ ಇನ್ನಷ್ಟು ಅವಕಾಶ ಕೊಡುತ್ತದೆ.

ಪರಿಹಾರ ಡೈ ಹೊಂದಿಸುವುದರಲ್ಲಿದೆ. ಹಾರಿಸಿದ ಒಂದು ಕೇಸ್‌ನ ಕುತ್ತಿಗೆ ಮತ್ತು ಭುಜವನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ತಿರುಗಿಸಿ ಮಸಿ ಹಿಡಿಸಿ. ಮದ್ದು, ಪ್ರೈಮರ್ (ಕೇಸ್‌ನ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಸಣ್ಣ ಬಟ್ಟಲು) ಇಲ್ಲದ ಕೋಣೆಯಲ್ಲಿ ಮಾತ್ರ ಬತ್ತಿ ಹಚ್ಚಿ. ಅದು ಬೇಡವೆಂದರೆ ಮಾರ್ಕರ್ ಪೆನ್ ಸಾಕು. ಕೇಸ್‌ನ ಮೈಗೆ ಜಾರಿಕೆಯ ಲ್ಯೂಬ್ ತೆಳುವಾಗಿ ಸವರಿ. ಡೈಯನ್ನು ಪ್ರೆಸ್‌ನಲ್ಲಿ ಬೇಕೆಂದೇ ಮೇಲಿಟ್ಟು ಕೇಸನ್ನು ಒತ್ತಿ ತೆಗೆಯಿರಿ. ಕುತ್ತಿಗೆಯ ಮಸಿ ಎಲ್ಲಿಯವರೆಗೆ ಉಜ್ಜಿಹೋಗಿದೆ ಎಂದು ಕಾಣುತ್ತದೆ. ಡೈಯನ್ನು ಎಂಟನೇ ಒಂದು ಸುತ್ತಿನಷ್ಟು ಇಳಿಸುತ್ತಾ ಇದನ್ನೇ ಮುಂದುವರಿಸಿ. ಮಸಿಯ ಗೆರೆ ಭುಜವನ್ನು ಸವರುವ ಹೊತ್ತಿಗೆ ಒರೆಸಿದ ಖಾಲಿ ಕೇಸನ್ನು ರೈಫಲ್‌ಗೆ ಹಾಕಿ ಲಿವರ್ ಮುಚ್ಚಿ ನೋಡಿ. ಒಂದು ಬೆರಳಿನ ಬಲಕ್ಕೆ ಲಿವರ್ ಮುಚ್ಚಿತೆಂದರೆ ಅಲ್ಲಿಗೆ ನಿಲ್ಲಿಸಿ ಡೈಯ ಮೇಲಿನ ಉಂಗುರ ಬಿಗಿಯಿರಿ. ಬೋಲ್ಟ್ ಆ್ಯಕ್ಷನ್ ರೈಫಲ್‌ನವರು ಕುತ್ತಿಗೆಯನ್ನಷ್ಟೇ ಬಿಗಿಮಾಡಿ ಸುಧಾರಿಸಿಕೊಳ್ಳಬಹುದು. ಲಿವರ್‌ಗೆ ತೋಟೆಯನ್ನು ಒತ್ತಿ ಕೂರಿಸುವ ಶಕ್ತಿ ಕಡಿಮೆ, ಇಲ್ಲಿ ಸ್ವಲ್ಪ ಸಡಿಲ ಬೇಕೇ ಬೇಕು.

ತುಂಬುವ ಕೆಲಸ

ಗಾತ್ರಕ್ಕೆ ತಂದ ಮೇಲೆ ಪ್ರತಿ ಕೇಸ್‌ನ ಉದ್ದ ಅಳೆಯಿರಿ. ಗರಿಷ್ಠ 2.039 ಇಂಚು, ಅಂದರೆ 51.8 ಮಿ.ಮೀ. ಮೀರಿದ್ದನ್ನು 2.029 ಇಂಚಿಗೆ ಕತ್ತರಿಸಿ ಬಾಯಿಯ ಒಳಗೂ ಹೊರಗೂ ನಯಗೊಳಿಸಿ. ಒಂದೆರಡು ಮಾತ್ರ ಉದ್ದವಾಗಿದ್ದರೂ ಇಡೀ ಗುಂಪನ್ನು ಒಂದೇ ಅಳತೆಗೆ ತನ್ನಿ. ಕಾರಣ ಮುಂದೆ ಬರುತ್ತದೆ.

ಪ್ರೈಮರ್ ಕೂರಿಸಿದ ಕೂಡಲೇ ಬುಡದ ಮೇಲೆ ಬೆರಳ ತುದಿ ಓಡಿಸಿ. ಪ್ರೈಮರ್ ಬುಡದ ಮಟ್ಟಕ್ಕಿಂತ ಒಂದು ಕೂದಲಿನಷ್ಟು ಒಳಗಿರಬೇಕು. ಕೊಳವೆ ಮ್ಯಾಗಜೀನ್‌ನಲ್ಲಿ ಒಂದು ತೋಟೆಯ ಗುಂಡಿನ ಮೂಗು ಮುಂದಿನ ತೋಟೆಯ ಪ್ರೈಮರ್‌ಗೆ ತಾಗಿ ಕುಳಿತಿರುತ್ತದೆ. ಚೂಪು ಮೂಗಿನ ಗುಂಡನ್ನು ಇಂಥ ರೈಫಲ್‌ಗೆ ತುಂಬಬಾರದು ಎನ್ನುವುದು ಇದಕ್ಕೇ. ಒಂದು ಈಡಿನ ಹಿನ್ನೊದೆತಕ್ಕೆ ಕೊಳವೆಯೊಳಗಿನ ತೋಟೆ ಸಿಡಿದರೆ ಎಡಗೈ ಇರುವುದು ಅದರ ಮೇಲೆಯೇ. ಚಪ್ಪಟೆ ಮೂಗಿನ 150 ಅಥವಾ 170 ಗ್ರೇನ್ ತೂಕದ ಗುಂಡು ಆರಿಸಿ. ಕೊಳವೆ ಮ್ಯಾಗಜೀನ್‌ಗೆಂದೇ ತಯಾರಾದ ಮೆದು ಪ್ಲಾಸ್ಟಿಕ್ ತುದಿಯ ಗುಂಡುಗಳೂ ಸಿಗುತ್ತವೆ. ಸ್ಯಾವೇಜ್ 99 ಎಂಬ ಲಿವರ್ ರೈಫಲ್‌ನ ತಿರುಗುವ ಮ್ಯಾಗಜೀನ್‌ಗೆ ಈ ನಿರ್ಬಂಧವಿಲ್ಲ, ಅಲ್ಲಿ ತೋಟೆಗಳು ಪಕ್ಕಪಕ್ಕದಲ್ಲಿ ಕೂರುತ್ತವೆ.

ಮದ್ದಿನ ಅಳತೆಯನ್ನು ನಾನು ಇಲ್ಲಿ ಕೊಡುವುದಿಲ್ಲ, ಇನ್ನೊಬ್ಬರ ಬಾಯಿಮಾತಿನಿಂದಲೂ ನೀವು ತೆಗೆದುಕೊಳ್ಳಬೇಡಿ. ಮುದ್ರಿತ ಕೈಪಿಡಿಯಲ್ಲಿ ನಿಮ್ಮ ಗುಂಡಿನ ತೂಕ ಮತ್ತು ಅದೇ ಹೆಸರಿನ ಮದ್ದನ್ನು ಹುಡುಕಿ, ಆರಂಭದ ಅಳತೆಯಿಂದ ಶುರುಮಾಡಿ. ಗುಂಡಿನ ವ್ಯಾಸ 0.308 ಇಂಚು ಎಂಬ ಒಂದೇ ಕಾರಣಕ್ಕೆ .308 ವಿಂಚೆಸ್ಟರ್‌ನ ಪುಟ ತೆರೆಯಬೇಡಿ. ಅದರ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್, .30-30ಯದು 42,000. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ. ತೂಕದ ಯಂತ್ರವನ್ನು ಪರೀಕ್ಷಾ ತೂಕದಿಂದ ಸರಿನೋಡಿ. ಎಲ್ಲ ಕೇಸ್‌ಗಳನ್ನೂ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ ಟಾರ್ಚ್ ಹಿಡಿದು ಒಂದೊಂದರ ಬಾಯಿಯೊಳಗೆ ನೋಡಿ. ಮದ್ದಿನ ಮಟ್ಟ ಒಂದೇ ಸಮನಾಗಿ ಕಾಣಬೇಕು. ಈ ನೋಟವನ್ನು ನಾನು ಇಂದಿಗೂ ಬಿಟ್ಟಿಲ್ಲ, ಗಂಟೆ ಎಷ್ಟೇ ಆಗಿರಲಿ.

ಈಗ ಗುಂಡು ಕೂರಿಸುವುದು ಮತ್ತು ಬಾಯಿ ಬಿಗಿಯುವುದು. ಹೊಸಬರು ಹೆಚ್ಚು ಎಡವುವ ಜಾಗ ಇದು. ಗುಂಡಿನ ಸೊಂಟದಲ್ಲಿ ಒಂದು ಸುತ್ತುಗೀರು ಇರುತ್ತದೆ. ಕೇಸ್‌ನ ಬಾಯಿ ಆ ಗೀರಿನ ನಡುವೆ ನಿಂತು, ಅದರ ಅಂಚು ಒಳಕ್ಕೆ ಮಡಚಬೇಕು. ಮ್ಯಾಗಜೀನ್ ಸ್ಪ್ರಿಂಗ್ ಸದಾ ಹಿಂದಕ್ಕೆ ತಳ್ಳುತ್ತಿರುತ್ತದೆ, ಪ್ರತಿ ಈಡಿಗೂ ತೋಟೆಗಳು ಒಂದಕ್ಕೊಂದು ಗುದ್ದುತ್ತವೆ. ಬಿಗಿಯದ ಗುಂಡು ಕೇಸ್‌ನೊಳಗೆ ಜಾರಿದರೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಹಾಗೆಂದು ಅತಿಯಾಗಿ ಬಿಗಿದರೂ ಕೆಡುಕೇ. .30-30ಯ ಕುತ್ತಿಗೆ ತೆಳು. ಕೇಸ್ ಕೂದಲಿನಷ್ಟು ಉದ್ದವಿದ್ದರೂ ಡೈ ಅದರ ಬಾಯನ್ನು ಬೇಗ ಹಿಡಿದು ಕೆಳಕ್ಕೆ ಒತ್ತುತ್ತದೆ, ಭುಜ ಉಬ್ಬುತ್ತದೆ. ಒಮ್ಮೆ ಅವಸರದಲ್ಲಿ ಉದ್ದ ಅಳೆಯದೆ ಇಪ್ಪತ್ತು ತೋಟೆ ಬಿಗಿದು ಮುಗಿಸಿದ್ದೆ. ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಕಂಡವು. ಉಗುರಿನಿಂದ ಭುಜದ ಅಂಚನ್ನು ಸವರಿದಾಗ ಆರರಲ್ಲಿ ಅಕ್ಕಿಕಾಳಿನ ಬೆನ್ನಿನಷ್ಟು ಸಣ್ಣ ಉಬ್ಬು ಸಿಕ್ಕಿತು. ಆ ಆರಕ್ಕೂ ಲಿವರ್ ಮುಚ್ಚಲಿಲ್ಲ. ಗುಂಡು ಕಿತ್ತು, ಮದ್ದು ತೆಗೆದು, ಕೇಸ್‌ಗಳನ್ನು ಎಸೆಯಬೇಕಾಯಿತು. ಅಂದಿನಿಂದ ಗುಂಡು ಕೂರಿಸುವುದು ಒಂದು ಹಂತ, ಬಾಯಿ ಬಿಗಿಯುವುದು ಇನ್ನೊಂದು ಹಂತ ಎಂದು ಬೇರೆ ಮಾಡಿಕೊಂಡಿದ್ದೇನೆ.

ಬಿಗಿತ ಸಾಕೇ ಎಂದು ತಿಳಿಯಲು, ಪ್ರೈಮರ್ ಮತ್ತು ಮದ್ದು ಎರಡೂ ಇಲ್ಲದ ಎರಡು ಮೂರು ಡಮ್ಮಿ ತೋಟೆ ಮಾಡಿ. ಉದ್ದ ಅಳೆದು ಬರೆದಿಡಿ. ಮೂಗನ್ನು ಮರದ ಮೇಜಿನ ಅಂಚಿಗೆ ಒತ್ತಿ ಹೆಬ್ಬೆರಳಿಂದ ಬಲವಾಗಿ ತಳ್ಳಿ. ರೈಫಲ್‌ಗೆ ತುಂಬಿ ನಾಲ್ಕೈದು ಸಲ ಲಿವರ್ ಆಡಿಸಿ, ಮತ್ತೆ ಅಳೆಯಿರಿ. ಉದ್ದ ಬದಲಾಗಿರಬಾರದು. ಡಮ್ಮಿಗಳು ಸರಾಗವಾಗಿ ಓಡಿದ ಮೇಲಷ್ಟೇ ನಿಜವಾದ ತೋಟೆ ಮಾಡಿ.

ಸಿಕ್ಕಿಕೊಂಡಾಗ, ಸಿಡಿಯದಿದ್ದಾಗ

ಲಿವರ್ ಅರ್ಧದಲ್ಲಿ ನಿಂತರೆ ಮೊದಲು ತೋಟೆಯ ಉದ್ದ ನೋಡಿ. ಅದು ಸರಿಯಿದ್ದರೆ ನಿಮ್ಮ ಕೈ ನೋಡಿ. ಲಿವರನ್ನು ಮೃದುವಾಗಿ, ಹೆದರಿ ಹೆದರಿ ಆಡಿಸುವವರಿಗೇ ಈ ತೊಂದರೆ ಹೆಚ್ಚು. ಕೊನೆಯವರೆಗೆ ತೆರೆದು ಕೊನೆಯವರೆಗೆ ಮುಚ್ಚಬೇಕು. ಮಾರ್ಲಿನ್‌ನಲ್ಲಿ ಇನ್ನೊಂದು ಹಳೆಯ ಕಾಯಿಲೆಯಿದೆ. ತೋಟೆಯನ್ನು ಮೇಲೆತ್ತುವ ಹಲಗೆಯ ಅಂಚನ್ನು ಲಿವರ್ ವರ್ಷಗಟ್ಟಲೆ ಉಜ್ಜಿ ಕಚ್ಚು ಬೀಳಿಸಿರುತ್ತದೆ. ಹಲಗೆ ತನ್ನ ಎತ್ತರಕ್ಕೆ ಏಳದೆ, ಎರಡನೇ ತೋಟೆ ಅದರ ಕೆಳಗೆ ನುಸುಳಿ ಎಲ್ಲವನ್ನೂ ಕಟ್ಟಿಹಾಕುತ್ತದೆ. ಅರ ಹಿಡಿದು ಮನೆಯಲ್ಲಿ ಇದನ್ನು ರಿಪೇರಿ ಮಾಡಬೇಡಿ, ಅನುಭವಿ ರಿಪೇರಿಯವರಿಗೆ ಕೊಡಿ.

ಟ್ರಿಗರ್ ಒತ್ತಿದರೂ ಏನೂ ಆಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದುಂಟು. ಆಮೇಲೆ ತೋಟೆ ತೆಗೆದು ಪ್ರೈಮರ್ ಮೇಲಿನ ಗುರುತು ನೋಡಿ. ಗುರುತೇ ಇಲ್ಲದಿದ್ದರೆ 94ರಲ್ಲಿ ಲಿವರ್ ಹಿಡಿಗೆ ಪೂರ್ತಿ ತಾಗಿರಲಿಲ್ಲ ಎನ್ನುವ ಸಾಧ್ಯತೆ ಹೆಚ್ಚು; ಲಿವರ್ ಒತ್ತಿ ಹಿಡಿಯದೆ ಅದರ ಟ್ರಿಗರ್ ಬಿಡುವುದಿಲ್ಲ. ಗುರುತು ಆಳವಿಲ್ಲದಿದ್ದರೆ ಬೋಲ್ಟ್‌ನೊಳಗೆ ಗಟ್ಟಿಯಾದ ಹಳೆಯ ಎಣ್ಣೆಯನ್ನು ತೆಗೆಯಿರಿ, ಹ್ಯಾಮರ್‌ನ ಸ್ಪ್ರಿಂಗ್ ಸೋತಿದೆಯೇ ನೋಡಿ. ಗುರುತು ಚೆನ್ನಾಗಿಯೇ ಬಿದ್ದಿದ್ದು ತೋಟೆ ಎರಡನೇ ಹೊಡೆತಕ್ಕೆ ಸಿಡಿದರೆ ತಪ್ಪು ಸಾಮಾನ್ಯವಾಗಿ ತುಂಬಿದವರದು. ಪ್ರೈಮರ್ ತಳಕ್ಕೆ ಕೂತಿರಲಿಲ್ಲ, ಮೊದಲ ಹೊಡೆತ ಅದನ್ನು ಕೂರಿಸುವುದರಲ್ಲೇ ಮುಗಿಯಿತು.

ಈಡಿನ ಸದ್ದು ಎಂದಿನಂತಿಲ್ಲದೆ ‘ಠುಸ್’ ಎಂದರೆ ಅಲ್ಲಿಗೆ ಕೈ ನಿಲ್ಲಿಸಿ. ಗುಂಡು ನಳಿಗೆಯೊಳಗೇ ನಿಂತಿರಬಹುದು. ಖಾಲಿ ಮಾಡಿ, ನಳಿಗೆಯಲ್ಲಿ ಕಡ್ಡಿ ಬಿಟ್ಟು ಪರೀಕ್ಷಿಸದೆ ಇನ್ನೊಂದು ತೋಟೆ ಹಾಕಬೇಡಿ.

ಹಾರಿಸಿದ ಕೇಸ್ ಹೊರಬರಲು ಹಟ ಹಿಡಿದರೆ ಚೇಂಬರ್ ಕೊಳೆಯಾಗಿದೆ, ಕೇಸನ್ನು ಎಳೆಯುವ ಕೊಕ್ಕೆ ಸವೆದಿದೆ, ಇಲ್ಲವೇ ಮದ್ದು ಜಾಸ್ತಿಯಾಗಿದೆ. ಮೂರನೆಯದರ ಅನುಮಾನವಿದ್ದರೆ ಉಳಿದ ತೋಟೆಗಳನ್ನು ಹಾರಿಸದೆ ಬಿಚ್ಚಿ. ಕಡಿಮೆ ಮದ್ದಿನ ತೋಟೆಯಲ್ಲಿ ಪ್ರೈಮರ್ ಬುಡದಿಂದ ಹೊರಗೆ ಇಣುಕಿದರೆ ಬೋಲ್ಟ್ ಮತ್ತು ಕೇಸ್‌ನ ನಡುವೆ ಜಾಗ ಹೆಚ್ಚಿರುವ ಸಾಧ್ಯತೆ ಇದೆ. ರಿಪೇರಿಯವರು ಆ ಜಾಗವನ್ನು ಅಳೆಯುವ ಹೆಡ್‌ಸ್ಪೇಸ್ ಗೇಜ್ ಹಾಕಿ ಕೆಲವೇ ನಿಮಿಷದಲ್ಲಿ ಹೇಳುತ್ತಾರೆ.

ಗುರಿ ಚದುರಿದಾಗ ಜನ ಮದ್ದು ಬದಲಿಸುತ್ತಾರೆ. ನಾನು ಮೊದಲು ನಳಿಗೆಯನ್ನೂ ಮ್ಯಾಗಜೀನ್ ಕೊಳವೆಯನ್ನೂ ಕಟ್ಟಿಹಿಡಿದ ಪಟ್ಟಿಗಳ ಸ್ಕ್ರೂ ನೋಡುತ್ತೇನೆ, ಆಮೇಲೆ ನಳಿಗೆಯ ಬಾಯಿ. 94ರ ಬೋಲ್ಟ್ ತೆಗೆಯುವುದು ತ್ರಾಸ ಎಂದು ಎಲ್ಲರೂ ಬಾಯಿಯ ಕಡೆಯಿಂದಲೇ ಕಡ್ಡಿ ಹಾಕಿ ಉಜ್ಜಿರುತ್ತಾರೆ, ಅಂಚು ಒಂದು ಪಕ್ಕಕ್ಕೆ ಸವೆದಿರುತ್ತದೆ. ಬಾಯಿಗೆ ಹೊಂದುವ ಗೈಡ್ ಹಾಕಿಕೊಂಡು ಕಡ್ಡಿ ಬಿಡಿ. ಮಾರ್ಲಿನ್ 336 ಇದ್ದವರಿಗೆ ಈ ಕಷ್ಟವಿಲ್ಲ: ಲಿವರ್‌ನ ಒಂದು ಸ್ಕ್ರೂ ಬಿಚ್ಚಿದರೆ ಲಿವರ್, ಅದರ ಹಿಂದೆ ಬೋಲ್ಟ್ ಹೊರಬರುತ್ತದೆ, ನಳಿಗೆಯನ್ನು ಹಿಂದಿನಿಂದಲೇ ಶುಚಿಮಾಡಬಹುದು. ಬೋಲ್ಟ್ ಎಳೆಯುವಾಗ ಖಾಲಿ ಕೇಸನ್ನು ಹೊರಗೆಸೆಯುವ ಸಣ್ಣ ಎಜೆಕ್ಟರ್ ಸಡಿಲಗೊಂಡು ಉದುರುತ್ತದೆ, ಕೆಳಗೆ ಒಂದು ಬಿಳಿಬಟ್ಟೆ ಹಾಸಿಕೊಳ್ಳಿ.