ಪೆಟಾಲಿಂಗ್ ಜಯದಲ್ಲಿ ನನಗೆ ಬೇಕಾದ ಮೀ ಗೋರೆಂಗ್ ಸಿಕ್ಕಿದ್ದು

ಮಲೇಷ್ಯಾದ ಪೆನಾಂಗಿನ ಬ್ಯಾಂಕಾಕ್ ಲೇನಿನಲ್ಲಿ ಮೀ ಗೋರೆಂಗ್, ಅಂದರೆ ಹುರಿದ ನೂಡಲ್ಸ್, ತಿಂದ ಮೇಲೆ ಬೇರೆ ಕಡೆಯದು ಅಷ್ಟು ಬೇಗ ನಾಲಿಗೆಗೆ ಹತ್ತುವುದಿಲ್ಲ. ನಾನಿರುವುದು ಕೌಲಾಲಂಪುರದ ಪಕ್ಕದ ಪೆಟಾಲಿಂಗ್ ಜಯದಲ್ಲಿ. ಅಂಥದ್ದೇ ಒಂದು ಪ್ಲೇಟು ಮನೆ ಹತ್ತಿರ ಸಿಗಬೇಕು ಅಂತ ಹುಡುಕಿದೆ, ಸಿಕ್ಕಿತು. ಹೊಸದಾಗಿ ಮಲೇಷ್ಯಾಕ್ಕೆ ಬಂದ ನಮ್ಮವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಹುಡುಕಿದ್ದು ಮಾಮಕ್ ಹೋಟೆಲುಗಳಲ್ಲಿ. ಮಾಮಕ್ ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲು. ಚೀನೀಯರ ದಪ್ಪ ಹಳದಿ ನೂಡಲ್ಸನ್ನು ಇವರು ತಮ್ಮ ಕೈರುಚಿಯಲ್ಲಿ ಹುರಿಯುತ್ತಾರೆ. ಬೇಯಿಸಿದ ಆಲೂಗಡ್ಡೆ, ಕರಿದ ತೋಫು, ಹೆಸರುಕಾಳಿನ ಉದ್ದ ಮೊಳಕೆ, ಸೊಪ್ಪು, ಮೊಟ್ಟೆ, ಸಿಹಿ ಸೋಯಾ ಸಾಸ್, ಎಲ್ಲಕ್ಕಿಂತ ಮುಖ್ಯವಾಗಿ ಒಣಮೆಣಸಿನಕಾಯಿ ರುಬ್ಬಿದ ಖಾರ.

ಹೊಸ ಹೋಟೆಲಿಗೆ ಹೋದರೆ ನಾನು ಮೊದಲು ನೋಡುತ್ತಿದ್ದದ್ದು ಮೀ ರೆಬುಸ್ ಇದೆಯಾ ಅಂತ. ಅದು ಸಿಹಿಗೆಣಸು ಹಾಕಿದ ಗಟ್ಟಿ ಗ್ರೇವಿಯ ನೂಡಲ್ಸ್. ಎರಡಕ್ಕೂ ಅದೇ ನೂಡಲ್ಸು, ಅದೇ ಆಲೂಗಡ್ಡೆ, ಅದೇ ತೋಫು, ಹಾಗಾಗಿ ಎರಡೂ ಮಾಡುವ ಕಡೆ ಸಾಮಾನು ಬೇಗ ಖರ್ಚಾಗುತ್ತದೆ, ತಾಜಾ ಇರುತ್ತದೆ.

ಆಮೇಲೆ ಬಾಣಲೆ ಕಾಣುವ ಜಾಗದಲ್ಲಿ ಕೂತುಕೊಳ್ಳುತ್ತಿದ್ದೆ. ಇದು ನಿಜಕ್ಕೂ ದೊಡ್ಡ ವಿಷಯ. ನಾಲ್ಕೈದು ಪ್ಲೇಟಿನದು ಒಟ್ಟಿಗೆ ಸುರಿದರೆ ಬಾಣಲೆಯ ಕಾವು ಇಳಿಯುತ್ತದೆ, ಮೊಳಕೆ ನೀರು ಬಿಡುತ್ತದೆ, ನೂಡಲ್ಸ್ ಹುರಿಯುವ ಬದಲು ಬೇಯುತ್ತದೆ. ಒಂದೊಂದೇ ಪ್ಲೇಟು ಜೋರು ಉರಿಯಲ್ಲಿ ಮಾಡಿದರೆ ಮಾತ್ರ ಸೋಯಾ ಸಾಸ್ ಕಬ್ಬಿಣಕ್ಕೆ ತಾಗಿ ಅಂಚಿನಲ್ಲಿ ಸ್ವಲ್ಪ ಸೀಯುತ್ತದೆ, ಆ ಘಮವೇ ನನಗೆ ಬೇಕಾಗಿದ್ದು. ಮಧ್ಯಾಹ್ನದ ರಶ್ಶಿನಲ್ಲಿ ಇದನ್ನು ಕೇಳುವುದು ನ್ಯಾಯವಲ್ಲ. ಎಷ್ಟೋ ಮಾಮಕ್ ಹೋಟೆಲುಗಳು 24 ಗಂಟೆ ತೆರೆದಿರುತ್ತವೆ ಅಲ್ವಾ, ರಾತ್ರಿ 11ರ ನಂತರ ಹೋಗಿ, ಮಾಡುವವರಿಗೂ ಪುರುಸೊತ್ತು ಇರುತ್ತದೆ.

ಕೊನೆಗೆ ಇಷ್ಟವಾದದ್ದು ಮೂಲೆಯ ಒಂದು ಸಣ್ಣ ಹೋಟೆಲು. ಅಲ್ಲಿನ ಅಣ್ಣ ಖಾರವನ್ನು ತಾವೇ ರುಬ್ಬಿ, ಎಣ್ಣೆ ಬಿಡುವವರೆಗೂ ಹುರಿದು ಇಟ್ಟುಕೊಂಡಿರುತ್ತಾರೆ. ಬಾಟಲಿಯ ಟೊಮೆಟೊ ಸಾಸ್ ಜಾಸ್ತಿ ಸುರಿದರೆ ಬಣ್ಣ ಕೆಂಪಗೆ ಹೊಳೆಯುತ್ತದೆ, ಬಾಯಿಗೆ ಬರೀ ಸಿಹಿ. ಇವರದ್ದು ಕಂದು ಬಣ್ಣ, ಸ್ವಲ್ಪ ಒದ್ದೆ, ಖಾರ ನಿಧಾನಕ್ಕೆ ಏರುತ್ತದೆ. ನನ್ನ ಅರೆಬರೆ ತಮಿಳಿನಲ್ಲೇ ‘ಅಣ್ಣೇ’ ಅಂತ ಶುರು ಮಾಡಿ, ‘ಕುರಾಂಗ್ ಮಾನಿಸ್’ ಅಂತ ಮಲಯ್‌ನಲ್ಲಿ ಮುಗಿಸುತ್ತೇನೆ. ಸಿಹಿ ಕಡಿಮೆ ಹಾಕಿ ಅಂತ.

ಮಾಂಸ ತಿನ್ನದವರು ಒಂದು ಮಾತು ಗಮನಿಸಿ. ಕೋಳಿ ಬೇಡ, ಸೀಗಡಿ ಬೇಡ ಅಂದರೆ ಸಾಲದು. ರುಬ್ಬಿದ ಖಾರದಲ್ಲೇ ಒಣ ಸೀಗಡಿ ಅಥವಾ ಬೆಲಾಚಾನ್ (ಹುದುಗಿಸಿದ ಸೀಗಡಿ ಪೇಸ್ಟ್) ಇರಬಹುದು, ಅದನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಆರ್ಡರ್ ಮಾಡುವ ಮೊದಲೇ ಕೇಳಿ. ಮಾಂಸದ್ದಕ್ಕೂ ಮಾಂಸವಿಲ್ಲದ್ದಕ್ಕೂ ಬಾಣಲೆ ಒಂದೇ, ಅದಕ್ಕೆ ಮನಸ್ಸು ಒಪ್ಪದಿದ್ದರೆ ಶುದ್ಧ ಸಸ್ಯಾಹಾರಿ ಹೋಟೆಲಿಗೇ ಹೋಗುವುದು ಒಳ್ಳೆಯದು.

ಪ್ಲೇಟಿನ ಅಂಚಿನಲ್ಲಿ ಪುಟ್ಟ ನಿಂಬೆಹಣ್ಣು ಇಟ್ಟಿರುತ್ತಾರೆ, ಲಿಮಾವ್ ಕಸ್ತೂರಿ. ಸುಮ್ನೆ ಅಲಂಕಾರಕ್ಕೆ ಅಂತ ಬಿಡಬೇಡಿ, ಪೂರ್ತಿ ಹಿಂಡಿ, ಇನ್ನೊಂದು ಕೇಳಿದರೂ ಕೊಡುತ್ತಾರೆ. ಪಾರ್ಸೆಲ್ ಮಾತ್ರ ಬೇಡ. ಮನೆ ಸೇರುವ ಹೊತ್ತಿಗೆ ನೂಡಲ್ಸ್ ಸಾಸನ್ನೆಲ್ಲ ಹೀರಿ ಮುದ್ದೆಯಾಗಿರುತ್ತದೆ, ಅಲ್ಲೇ ಕೂತು ಬಿಸಿಬಿಸಿ ತಿನ್ನಿ.