ಸ್ಕೋಪ್ ಮೌಂಟಿನ ಸಣ್ಣ ತೂತಿಗೆ ತುಕ್ಕು ಹಿಡಿದರೆ

ಕಾರವಾರದಲ್ಲಿ ಮಳೆಗಾಲ ಕಳೆದ ಮೇಲೆ ಏರ್ ರೈಫಲನ್ನು ಚೀಲದಿಂದ ಹೊರತೆಗೆದವರಿಗೆ ಇದು ಗೊತ್ತು: ನಳಿಗೆ ಫಳಫಳ ಹೊಳೆಯುತ್ತಿರುತ್ತದೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ಹಿಡಿದಿರುವ ಮೌಂಟಿನ ಸ್ಕ್ರೂ ತೂತುಗಳು ಮಾತ್ರ ಕೆಂಪಗಾಗಿರುತ್ತವೆ. ನಳಿಗೆಯನ್ನು ಒರೆಸುತ್ತೇವೆ, ತೂತಿನೊಳಗೆ ಬಟ್ಟೆ ಹೋಗುವುದಿಲ್ಲ. ಕಡಲ ಗಾಳಿಯ ಉಪ್ಪು ಅಲ್ಲೇ ಕೂರುತ್ತದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ತಾನೇ ನೀರನ್ನು ಎಳೆದುಕೊಂಡು ಕರಗುತ್ತದೆ, ಮುಂದಿನ ಕೆಲಸ ತುಕ್ಕಿನದು.

ಮೊದಲು ರೈಫಲ್ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ, ನೆನಪನ್ನು ನಂಬಬೇಡಿ. ಮೌಂಟ್ ಕೂತಿದ್ದ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ. ಸ್ಕ್ರೂ ತಲೆಯ ಗುಳಿಯಲ್ಲಿ ತುಂಬಿದ ಕೊಳೆಯನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಅದಿದ್ದರೆ ಅಲೆನ್ ಕೀ (ಆರು ಮೂಲೆಯ ಕೀಲಿ) ಪೂರ್ತಿ ಒಳಗಿಳಿಯದೆ ಗುಳಿಯ ಮೂಲೆಗಳನ್ನು ಸವೆಸಿಬಿಡುತ್ತದೆ. ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಎಣ್ಣೆ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಬೆಳಿಗ್ಗೆಯೂ ಜಗ್ಗದಿದ್ದರೆ, ಸ್ಕೋಪಿಗೆ ತಾಗದಂತೆ ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಹಿಡಿಯಿರಿ. ಸ್ಕ್ರೂ ಸಡಿಲವಾಗದಂತೆ ಹಾಕಿದ್ದ ಹಳೆಯ ಲಾಕಿಂಗ್ ಅಂಟು ಮೆತ್ತಗಾಗುತ್ತದೆ.

ಮೌಂಟ್ ಬಿಚ್ಚಿದ ಮೇಲೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಅಲ್ಯೂಮಿನಿಯಂ, ಕೆಂಪು ಬಂದಿರುವುದು ಉಕ್ಕಿನ ಸ್ಕ್ರೂವಿನಿಂದ. ಸ್ಕ್ರೂ ಬದಲಿಸಿ, ತೂತು ಒರೆಸಿದರೆ ಸಾಕು.

ಉಕ್ಕಿನದಾದರೆ ಸ್ವಲ್ಪ ತಾಳ್ಮೆ ಬೇಕು. ತಂಬಿಗೆ ತಿಕ್ಕಿದ ಅಭ್ಯಾಸದಲ್ಲಿ ಹುಣಸೆಹುಳಿಯೋ ಮುರುಗಲು ಹುಳಿಯೋ ಹಾಕೋಣ ಅನ್ನಿಸುವುದು ಸಹಜ, ಪೇಟೆಯವರು ವಿನೆಗರ್ ಅನ್ನುತ್ತಾರೆ. ಹುಳಿಗೆ ತುಕ್ಕು ಬಿಡುವುದು ನಿಜ. ಆದರೆ ಮೌಂಟಿನ ಮೇಲಿನ ಬ್ಲೂಯಿಂಗ್ ಎಂಬ ಕಪ್ಪು ಲೇಪವೂ ಕಬ್ಬಿಣದ ಆಕ್ಸೈಡೇ. ಹುಳಿ ಎರಡನ್ನೂ ತಿನ್ನುತ್ತದೆ, ಅದಕ್ಕೇ ಮೌಂಟನ್ನು ಮುಳುಗಿಸಿಡುವುದು ನನಗೆ ಸರಿ ಕಾಣುವುದಿಲ್ಲ. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ವಿನೆಗರಿನಲ್ಲಿ ಅದ್ದಿ, ತೂತಿನೊಳಗೆ ಮಾತ್ರ ಹತ್ತು ನಿಮಿಷ ಇಡಿ. ಆಮೇಲೆ ಹಲ್ಲುಸಂದಿಯ ಸಣ್ಣ ಬ್ರಷ್‌ನಿಂದ ತಿಕ್ಕಿ, ಅಡುಗೆ ಸೋಡಾ ನೀರಿನಿಂದ ತೊಳೆಯಿರಿ. ಹುಳಿ ಉಳಿದರೆ ಮರುದಿನವೇ ಮತ್ತೆ ಕೆಂಪು.

ತೂತಿನೊಳಗಿನ ಥ್ರೆಡ್ಡಿನ (ಸ್ಕ್ರೂ ಕೂರುವ ಸುರುಳಿ ಗೆರೆಯ) ಸಂದಿಯಲ್ಲಿ ಗಟ್ಟಿಯಾಗಿ ಕೂತದ್ದಕ್ಕೆ ಗ್ಯಾರೇಜಿನವರ ಹಳೆಯ ಉಪಾಯವೊಂದಿದೆ. ಅದೇ ಅಳತೆಯ ಹಳೆಯ ಸ್ಕ್ರೂವಿಗೆ ಉದ್ದಕ್ಕೂ ಅರದಿಂದ ಒಂದು ಕಾಲುವೆ ಹೊಡೆಯಿರಿ. ಎಣ್ಣೆ ಹಚ್ಚಿ ಕೈಯಲ್ಲೇ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೋದರೆ ತುಕ್ಕು ಆ ಕಾಲುವೆಯಲ್ಲಿ ತುಂಬಿಕೊಂಡು ಹೊರಬರುತ್ತದೆ. ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಉಪಕರಣ, ಬಳಸುವವರು ಅಳತೆ ಎರಡು ಸಲ ನೋಡಿಕೊಳ್ಳಿ. ಸ್ಕ್ರೂ ಇಂಚಿನ ಅಳತೆಯದಾಗಿ ಟ್ಯಾಪ್ ಮಿಲಿಮೀಟರಿನದಾದರೆ ಥ್ರೆಡ್ ಹೋಯಿತೆಂದೇ ಲೆಕ್ಕ. ಸ್ಕ್ರೂ ಒಳಗೇ ಮುರಿದರೆ ಡ್ರಿಲ್ ಎತ್ತಿಕೊಳ್ಳಬೇಡಿ. ಪರವಾನಗಿಯ ಕೋವಿಯಾದರಂತೂ ಅದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ.

ಕೊನೆಗೆ ತೂತನ್ನು ಸ್ಪಿರಿಟ್‌ನಿಂದ ತೊಳೆದು, ಬಿಸಿಲಿಗಿಟ್ಟು ಒಣಗಿಸಿ. ಸ್ಕ್ರೂವಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು. ತೆಂಗಿನೆಣ್ಣೆ ಬೇಡ. ಶಿರಸಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಸ್ಕೋಪನ್ನು ಸುತ್ತಿ ಹಿಡಿಯುವ ರಿಂಗಿನ ಸ್ಕ್ರೂಗೆ ಸುಮಾರು 2 ನ್ಯೂಟನ್ ಮೀಟರ್ ಸಾಕು, ಅಂದರೆ ಸಣ್ಣ ಅಲೆನ್ ಕೀಯನ್ನು ಎರಡೇ ಬೆರಳಲ್ಲಿ ಒತ್ತಿದಷ್ಟು. ಟೇಪಿನ ಗುರುತಿಗೇ ಕೂರಿಸಿದ್ದರೂ ಗುರಿ ಸ್ವಲ್ಪ ಸರಿದಿರುತ್ತದೆ, ಕಾಗದದ ಮೇಲೆ ನಾಲ್ಕೈದು ಸಲ ಹೊಡೆದು ಝೀರೋ ಸರಿಮಾಡಿಕೊಳ್ಳಿ, ಅಂದರೆ ಸ್ಕೋಪಿನಲ್ಲಿ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಮಾಡಿಕೊಳ್ಳಿ. ಮುಂದಿನ ಜೂನ್ ಬರುವ ಮುಂಚೆ ಆ ಸ್ಪಂಜಿನ ಚೀಲದಿಂದ ರೈಫಲನ್ನು ಹೊರತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗವಿರುವ ಕಪಾಟಿನಲ್ಲಿಡಿ.