ಮೃಗಾಲಯದಲ್ಲಿ ಒಂದೇ ಪ್ರಾಣಿ, ಒಂದು ಗಂಟೆ: ನನ್ನ ಅನುಭವ

ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋಗುವ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಉತ್ತರ ಕನ್ನಡದ ಸಿದ್ದಾಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. "ರಾತ್ರಿಯಿಡೀ ಬಸ್ಸಲ್ಲಿ ಬಂದು ಒಂದೇ ಬೋನಿನ ಮುಂದೆ ನಿಲ್ಲಿಸ್ತೀರಾ ಮೇಷ್ಟ್ರೇ?" ಅಂತ ಜೊತೆಗಿದ್ದವರೇ ಕೇಳಿದ್ದರು. ನಿಲ್ಲಿಸಿದೆ, ಸಿಂಗಳೀಕ ಎಂಬ ಕರಿ ಕೋತಿಯ ಮುಂದೆ. ಈಗ ಅವರೇ ನಾನು ಮಕ್ಕಳಿಗೆ ಕೊಡುವ ಹಾಳೆ ಕೇಳಿ ಒಯ್ಯುತ್ತಾರೆ.

ಅದಕ್ಕೂ ಮೊದಲು ಮಾಡಿದ್ದೆಲ್ಲ ಕೈಕೊಟ್ಟಿತ್ತು. ಬಣ್ಣದ ಪುಸ್ತಿಕೆ, ಒಂದಕ್ಕೆ ಸುಮಾರು 25 ರೂಪಾಯಿ. ಅರ್ಧಕ್ಕರ್ಧ ಬಸ್ಸಿನ ಸೀಟಿನಡಿ ಸಿಕ್ಕವು. ಆಮೇಲೆ ಕ್ವಿಜ್. ಮಕ್ಕಳು ಪ್ರಾಣಿಗೆ ಬೆನ್ನು ಹಾಕಿ ಬೋರ್ಡ್ ನಕಲು ಮಾಡಿಕೊಂಡು ಮುಂದಿನ ಬೋರ್ಡಿಗೆ ಓಡಿದರು.

ಈಗಿನದು ಒಂದೇ ಜೆರಾಕ್ಸ್ ಹಾಳೆ, ಅಡಿಗೆ ಹಳೇ ನೋಟ್‌ಬುಕ್ಕಿನ ರಟ್ಟು. ಇಡೀ ಕ್ಲಾಸಿಗೆ 150 ರೂಪಾಯಿ ದಾಟಿಲ್ಲ. ಇಬ್ಬಿಬ್ಬರ ಜೋಡಿ: ಒಬ್ಬರು ಪ್ರಾಣಿ ನೋಡಬೇಕು, ಇನ್ನೊಬ್ಬರು ಗಡಿಯಾರ ನೋಡಿ ನಿಮಿಷಕ್ಕೊಮ್ಮೆ ಬರೆಯಬೇಕು. ತಿನ್ನುತ್ತಿದ್ದರೆ 'ತಿ', ಹತ್ತುತ್ತಿದ್ದರೆ 'ಹ', ಹೇನು ಹೆಕ್ಕುತ್ತಿದ್ದರೆ 'ಹೆ'. ಮೊದಲ ಹತ್ತು ನಿಮಿಷ ಬರೀ ಗಲಾಟೆ, ಆಮೇಲೆ ತಾವಾಗಿ ಸುಮ್ಮನಾಗುತ್ತಾರೆ. ಹಾಳೆಯ ಕೊನೇ ಪ್ರಶ್ನೆ ಏನು ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಬಂಡವಾಳ.

ನಾನು ಆರಿಸಿದ್ದು ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ. ನಮ್ಮ ಕಡೆಯ ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಇದರ ಹೆಸರಿನಲ್ಲೇ ಸಂರಕ್ಷಿತ ಪ್ರದೇಶ ಆಯ್ತು. ಆದರೂ ನಮ್ಮ ಮಕ್ಕಳಲ್ಲಿ ಇದನ್ನು ಸರಿಯಾಗಿ ನೋಡಿದವರು ಕಡಿಮೆ, ಯಾಕೆಂದರೆ ಅದು ಮರದ ನೆತ್ತಿ ಬಿಟ್ಟು ಇಳಿಯುವುದೇ ಅಪರೂಪ. "ಕರಿ ಮುಸಿಯ" (ಕಪ್ಪು ಮುಸುವ) ಅಂದವರೂ ಇದ್ದರು. ಒಬ್ಬ ಹುಡುಗಿ ಬರೆದಿದ್ದಳು: ಹಣ್ಣು ನುಂಗಲಿಲ್ಲ, ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಆಚೆ ಹೋಗಿ ಕೂತು, ಅಂಗೈ ಹಿಂಭಾಗದಿಂದ ಕೆನ್ನೆ ಒತ್ತಿ ಒತ್ತಿ ಬಾಯಿಗೆ ತಂದುಕೊಂಡಿತು. "ಸರ್, ನಮ್ಮ ಬೆಟ್ಟದ ಉಪ್ಪಾಗೆನೂ ಹೀಗೇ ತಿಂತದಾ?"

ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಉಪ್ಪಾಗೆ ಅಂದರೆ ನಮ್ಮ ಕಾಡಿನ ಒಂದು ಹುಳಿ ಹಣ್ಣು. ಮಳೆಗಾಲದಲ್ಲಿ ಸಿಂಗಳೀಕಕ್ಕೂ ಉಪ್ಪಾಗೆ ಬೇಕು, ನಮಗೂ ಬೇಕು. ನಾವು ಸಿಪ್ಪೆಯನ್ನು ಬೆಂಕಿಯಲ್ಲಿ ಒಣಗಿಸಿ ಮಾರುತ್ತೇವೆ, ಅದಕ್ಕೆ ರಾಶಿ ಕಟ್ಟಿಗೆಯೂ ಹೋಗುತ್ತದೆ. ಬೋನಿನಲ್ಲಿ ಮರಿ ಹುಟ್ಟಿದರಷ್ಟೇ ಸಿಂಗಳೀಕ ಉಳಿಯುವುದಿಲ್ಲ, ಎಷ್ಟು ಕಾಯಿ ಕೊಯ್ಯಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ಕಾಡಿನ ಅಂಚಿನ ಮನೆಗಳಲ್ಲಿ ಆಗಬೇಕು. ಊರಿಗೆ ಬಂದ ಮೇಲೆ ಎರಡು ಮನೆಯವರು ಕೆಲವು ಮರಗಳ ಕಾಯಿ ಕೊಯ್ಯದೆ ಬಿಟ್ಟರು. ಮಕ್ಕಳು ಹಟ ಹಿಡಿದದ್ದಕ್ಕೇ ಬಿಟ್ಟದ್ದು.

ಬೇರೆ ಪ್ರಾಣಿಗಳ ಮುಂದೆಯೂ ನಿಂತು ನೋಡಿದ್ದೇವೆ. ಜಿರಾಫೆ ಚೆನ್ನಾಗಿ ಒದಗುತ್ತದೆ: ಮೆಲುಕಿನ ಉಂಡೆ ಉದ್ದ ಕತ್ತಿನಲ್ಲಿ ಮೇಲೇರುವುದು ಕಣ್ಣಿಗೇ ಕಾಣುತ್ತದೆ, ಒಂದು ಉಂಡೆಗೆ ಎಷ್ಟು ಸಲ ಜಗಿಯಿತು ಅಂತ ಎಣಿಸಬಹುದು. ಹಾವು ಪ್ರಯೋಜನವಿಲ್ಲ, ಹಾಳೆ ತುಂಬ 'ಮಲಗಿದೆ'. ಒಮ್ಮೆ ಜನರನ್ನೇ ಅಳೆದೆವು. ಹೆಚ್ಚಿನವರು ಸಿಂಗಳೀಕದ ಮುಂದೆ ಅರ್ಧ ನಿಮಿಷವೂ ನಿಲ್ಲಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಗೇಟು ತೆಗೆಯುತ್ತಿದ್ದಂತೆ ನೇರ ಸಿಂಗಳೀಕದ ಬೋನಿಗೇ ನಡೆಯಿರಿ, ಬಿಸಿಲೇರಿದರೆ ಪ್ರಾಣಿ ಮಂಕಾಗುತ್ತದೆ. ದಸರೆ ರಜೆಯಲ್ಲಿ ಹೋಗಬೇಡಿ, ಕಂಬಿಯ ಹತ್ತಿರ ನಿಲ್ಲಲೂ ಜಾಗ ಸಿಗುವುದಿಲ್ಲ.